ಪ್ರಶ್ನೆ ನಮ್ಮ ನೆಲದ್ದು, ಅನುದಾನ ಕೇಳೋದು ಹೀಗೆ

ಕಲಬುರಗಿಯ ಕಾಲೇಜುಗಳಲ್ಲಿ ಪಾಠ ಮಾಡೋರು, ಪಿಎಚ್‌ಡಿ ಮಾಡ್ತಿರೋರು ಮತ್ತೆ ಮತ್ತೆ ಹೇಳೋ ಮಾತು ಒಂದಿದೆ. "ಬಾಹ್ಯಾಕಾಶ, ಭೂವಿಜ್ಞಾನ ಎಲ್ಲಾ ಬೆಂಗಳೂರು, ಅಹಮದಾಬಾದಿನವರ ಕೆಲಸ. ನಮಗ್ಯಾರು ರೊಕ್ಕ ಕೊಡ್ತಾರ್ರಿ?" ಕೊಡ್ತಾರೆ. ಆದರೆ ಏನು ಕೇಳಬೇಕು, ಯಾರನ್ನ ಕೇಳಬೇಕು ಅನ್ನೋದು ಗೊತ್ತಿರಬೇಕು.

ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬರತೊಡಗಿತು. 11ನೇ ತಾರೀಕು ರಾತ್ರಿ 4.1 ತೀವ್ರತೆಯ ಕಂಪನ. ಜನ ಮನೆಯೊಳಗೆ ಮಲಗೋಕೆ ಹೆದರಿ ಹೊರಗೆ ರಾತ್ರಿ ಕಳೆದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ಅವರ ಹೆದರಿಕೆಗೆ ಕಾರಣ ಇತ್ತು. ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದ ಭೂಕಂಪದಲ್ಲಿ ಸುಮಾರು 10 ಸಾವಿರ ಜನ ಸತ್ತಿದ್ದನ್ನ ನಮ್ಮ ಹಿರಿಯರು ಮರೆತಿಲ್ಲ. ಗಡಿಕೇಶ್ವಾರದ್ದಕ್ಕೆ ಒಂದು ವಿವರಣೆ ಬಂತು: ಮಳೆನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡ ಬದಲಾಗ್ತದೆ, ಅದಕ್ಕೇ ನೆಲ ಅದುರ್ತದೆ ಅಂತ.

ಈಗ ಇದನ್ನ ಅರ್ಜಿ ಮಾಡೋದು ಹೇಗೆ? "ಕಲಬುರಗಿ ಜಿಲ್ಲೆಯ ಭೂಕಂಪನಗಳ ಸಮಗ್ರ ಅಧ್ಯಯನ" ಅಂತ ಹೆಸರಿಟ್ಟರೆ ಅದು ಬೀಳೋ ಅರ್ಜಿ. ಸಮಗ್ರ ಅನ್ನೋ ಮಾತು ಕಂಡ ತಕ್ಷಣ ತಜ್ಞರಿಗೆ ತಿಳೀತದೆ, ಇವರಿಗೆ ಏನು ಹುಡುಕಬೇಕು ಅಂತ ಇನ್ನೂ ನಿಕ್ಕಿಯಾಗಿಲ್ಲ. ಬದಲಿಗೆ ಹೀಗೆ ಕೇಳಿ: ಮೂರು ಮಳೆಗಾಲ ಗಡಿಕೇಶ್ವಾರದ ಸುತ್ತಲ ಬಾವಿಗಳ ನೀರಿನ ಮಟ್ಟ ಅಳೆದರೆ, ಆ ಏರಿಳಿತಕ್ಕೂ ಸಣ್ಣ ಕಂಪನಗಳಿಗೂ ಸಂಬಂಧ ಕಾಣ್ತದೋ ಇಲ್ಲವೋ? ಹೌದು ಅಂತ ಬಂದರೂ ಇಲ್ಲ ಅಂತ ಬಂದರೂ ವಿಜ್ಞಾನಕ್ಕೆ ಲಾಭವೇ. ಇಂಥ ಪ್ರಶ್ನೆಗೆ ಸಲ್ಲೋ ಬಾಗಿಲು ಕೇಂದ್ರದ ಭೂವಿಜ್ಞಾನ ಸಚಿವಾಲಯ. 2024ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕ ಅದರ 'ಪೃಥ್ವಿ' ಯೋಜನೆಗೆ 2021ರಿಂದ 26ರ ಅವಧಿಗೆ 4,797 ಕೋಟಿ ರೂಪಾಯಿ ಇಟ್ಟಿದ್ದರು, ಭೂಕಂಪ ಮತ್ತು ಭೂವಿಜ್ಞಾನಕ್ಕೆ ಅದರಲ್ಲೇ ಒಂದು ಉಪಯೋಜನೆ.

ಇದೇ ಪ್ರಶ್ನೆಯನ್ನ ಆಕಾಶದಿಂದಲೂ ನೋಡಬಹುದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಸ್ರೋ, ನಾಸಾ ಸೇರಿ ಮಾಡಿದ್ದು. ಒಂದೇ ಜಾಗವನ್ನ 12 ದಿನಕ್ಕೊಮ್ಮೆ ರೇಡಾರ್‌ನಿಂದ ನೋಡಿ, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಸರಿದರೂ ಹಿಡಿಯೋ ಹಾಗೆ ಅದನ್ನ ರೂಪಿಸಿದ್ದಾರೆ. ಈ ಕಡೆಯಿಂದ ಹೊರಟರೆ ನಿಮ್ಮ ಬಾಗಿಲು ಇಸ್ರೋದ 'ರೆಸ್ಪಾಂಡ್'. ತಮಗೆ ಬೇಕಾದ ಸಂಶೋಧನಾ ವಿಷಯಗಳ ಪಟ್ಟಿಯನ್ನ ಇಸ್ರೋ ಕೇಂದ್ರಗಳೇ 'ರೆಸ್ಪಾಂಡ್ ಬಾಸ್ಕೆಟ್' ಅಂತ ಪ್ರಕಟಿಸ್ತವೆ. ಅದನ್ನ ಓದದೆ ಅರ್ಜಿ ಬರೀಬೇಡಿ. ವಿಷಯದ ಜೊತೆ ಇಸ್ರೋ ವಿಜ್ಞಾನಿಯ ಹೆಸರೂ ಇರ್ತದೆ, ಅವರ ಜೊತೆ ಮೊದಲೇ ಮಾತಾಡಿ.

ನಮ್ಮ ನೆಲದ ಇನ್ನೊಂದು ಪ್ರಶ್ನೆ ಕಮಲಾಪುರದ್ದು. ಕಲಬುರಗಿಯ ಎರೆಭೂಮಿ ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ನೆಲ ಕೆಂಪಾಗ್ತದೆ. ನಮ್ಮ ಕೆಂಪು ಬಾಳೆಯ ಊರು ಅದು. ಜ್ವಾಲಾಮುಖಿಯ ಬಸಾಲ್ಟ್ ಕಲ್ಲು ಕಾಲಾಂತರದಲ್ಲಿ ಶಿಥಿಲವಾಗಿ, ಕಬ್ಬಿಣದ ಅಂಶ ಉಳಿದು ಆದ ಮಣ್ಣು. ಚಂದ್ರನ ಮೇಲಿನ ಕಪ್ಪು ಬಯಲುಗಳೂ ಬಸಾಲ್ಟೇ, ಮಂಗಳ ಕೆಂಪಗಿರೋದೂ ಕಬ್ಬಿಣದ ಆಕ್ಸೈಡಿನಿಂದಲೇ. ತಮಿಳುನಾಡಿನ ಸಿತ್ತಂಪೂಂಡಿ ಅನ್ನೋ ಹಳ್ಳಿಯ ಕಲ್ಲನ್ನ ಪುಡಿ ಮಾಡಿಯೇ ಇಸ್ರೋ ತನ್ನ ಪ್ರಯೋಗಗಳಿಗೆ ಚಂದ್ರನ ಮಣ್ಣಿನಂಥ ಮಣ್ಣು ತಯಾರಿಸಿತು. ಹಾಗಿರೋವಾಗ ಕಮಲಾಪುರದ ಕೆಂಪು ಮಣ್ಣು ಉಪಗ್ರಹದ ಕಣ್ಣಿಗೆ ಹೇಗೆ ಕಾಣ್ತದೆ ಅನ್ನೋದು ಸಣ್ಣ ವಿಷಯ ಏನಲ್ಲ. ಚಂದ್ರಯಾನ-2ರ ದತ್ತಾಂಶ ಇಸ್ರೋದ 'ಪ್ರದಾನ್' ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗ್ತದೆ, ಯುರೋಪಿನ ಸೆಂಟಿನೆಲ್ ಚಿತ್ರಗಳೂ ಪುಕ್ಕಟೆ. ಇವನ್ನ ಬಳಸಿ ಒಂದೆರಡು ನಕ್ಷೆ ಮೊದಲೇ ಮಾಡಿ ಅರ್ಜಿಗೆ ಲಗತ್ತಿಸಿ. "ಮಾಡ್ತೀವಿ" ಅನ್ನೋರಿಗಿಂತ "ಇಷ್ಟು ಮಾಡಿದ್ದೀವಿ" ಅನ್ನೋರ ಮಾತಿಗೆ ತೂಕ ಹೆಚ್ಚು.

ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರಿಗೆ ಇನ್ನೊಂದು ಬಾಗಿಲಿದೆ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಬಂದದ್ದು, ಹಳೆಯ ಎಸ್‌ಇಆರ್‌ಬಿ ಇದರಲ್ಲೇ ವಿಲೀನವಾಗಿದೆ. ಎಂಜಿನಿಯರಿಂಗ್ ಕೊನೇ ವರ್ಷದ ಮಕ್ಕಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ರೊಕ್ಕ ಸ್ವಲ್ಪ, ಆದರೆ ಬರೆದು ಪಳಗೋಕೆ ಒಳ್ಳೆ ಜಾಗ.

ಇನ್ನು ಬಜೆಟ್. ಎಷ್ಟೋ ಒಳ್ಳೆ ಅರ್ಜಿಗಳು ಸೊರಗೋದು ಇಲ್ಲೇ. ಒಬ್ಬ ಜೆಆರ್‌ಎಫ್‌ಗೆ ತಿಂಗಳಿಗೆ 37 ಸಾವಿರ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ ಆದರೆ 42 ಸಾವಿರ. ಮೂರು ವರ್ಷಕ್ಕೆ 13 ಲಕ್ಷ 92 ಸಾವಿರ ಆಯ್ತು, ಮನೆಬಾಡಿಗೆ ಭತ್ಯೆ ಬೇರೆ. ಇದರ ಮೇಲೆ ಉಪಕರಣ, ಬಳಕೆ ಸಾಮಾನು, ಕ್ಷೇತ್ರಕಾರ್ಯದ ಓಡಾಟ, ಸಾದಿಲ್ವಾರು, ಸಂಸ್ಥೆಯ ಓವರ್‌ಹೆಡ್. ಪ್ರತಿ ಬಾಬಿಗೂ ಯಾಕೆ ಬೇಕು ಅಂತ ಒಂದೊಂದು ಸಾಲು ಬರೀರಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐನಲ್ಲಿ ಇರೋ ದುಬಾರಿ ಯಂತ್ರವನ್ನ ನಾವೂ ಕೊಳ್ತೀವಿ ಅನ್ನೋದಕ್ಕಿಂತ, ಅಲ್ಲಿನ ವಿಜ್ಞಾನಿಯೊಬ್ಬರನ್ನ ಸಹ ಸಂಶೋಧಕರಾಗಿ ಸೇರಿಸಿಕೊಳ್ಳೋದು ಜಾಣತನ ಅನ್ನೋದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಅರ್ಜಿಗೆ ಸಂಸ್ಥೆಯ ಮುಖ್ಯಸ್ಥರ ಸಹಿ, ಮೊಹರು ಬೇಕೇ ಬೇಕು. ಕೊನೇ ದಿನ ಫೈಲ್ ಹಿಡಿದು ಕಚೇರಿಗೆ ಓಡಬೇಡಿ, ಹದಿನೈದು ದಿನ ಮುಂಚೆಯೇ ಕೊಟ್ಟುಬಿಡಿ. ರೊಕ್ಕ ಬಂದ ಮೇಲೆ ವರ್ಷ ವರ್ಷ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ತಡ ಮಾಡದೆ ಕಳಿಸಿ. ಅದು ನಿಂತರೆ ಮುಂದಿನ ಕಂತೂ ನಿಲ್ತದೆ.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿರೋರು, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿರೋರು, ಪಿಡಿಎ ಕಾಲೇಜಿನಲ್ಲಿರೋರು, ಈ ವಾರ ಒಂದು ಕೆಲಸ ಮಾಡಿ. ನಿಮ್ಮೂರಿನ ನೆಲ, ನೀರು, ಬೆಳೆಯ ಬಗ್ಗೆ ಉತ್ತರ ಸಿಗದ ಒಂದೇ ಒಂದು ಪ್ರಶ್ನೆಯನ್ನ ಒಂದು ಪುಟದಲ್ಲಿ ಬರೆದು ನಿಮ್ಮ ಗೈಡ್ ಕೈಗೆ ಕೊಡಿ. ಬೇಕಾದರೆ ಮೊದಲು ಕನ್ನಡದಲ್ಲೇ ಬರೀರಿ, ಅರ್ಜಿಯ ಇಂಗ್ಲಿಷನ್ನ ಆಮೇಲೆ ನೋಡಿಕೊಳ್ಳೋಣ.