ದೂರ, ವೇಗ, ಕಾಲ: ಬೆಟ್ಟದ ನಾಡಿನ ಲೆಕ್ಕ



ಉದಕಮಂಡಲದಿಂದ ಗೂಡಲೂರಿಗೆ 50 ಕಿ.ಮೀ. ದೂರ. ಗಂಟೆಗೆ 50 ಕಿ.ಮೀ. ವೇಗದ ಬಸ್ಸು ಎಷ್ಟು ಹೊತ್ತಿನಲ್ಲಿ ತಲುಪುವುದು? ಒಂದು ಗಂಟೆ ಎಂದು ಬರೆದ ಮಗುವಿಗೆ ಪೂರ್ಣ ಅಂಕ. ಎರಡು ಗಂಟೆ ಎಂದು ಬರೆದ ಮಗುವಿಗೆ ಸೊನ್ನೆ. ಈ ಎರಡನೆಯ ಮಗುವಿಗೆ ಭಾಗಾಕಾರ ಬಾರದೆಂದು ತೀರ್ಮಾನಿಸುವ ಮುನ್ನ ತುಸು ತಡೆಯಬೇಕು. ಸಾವಿರ ಮೀಟರಿಗೂ ಮಿಕ್ಕಿದ ಇಳಿಜಾರನ್ನು ಅದು ಬಸ್ಸಿನಲ್ಲಿ ಕುಳಿತು ಕಂಡಿದೆ. ಘಾಟಿಯನ್ನು ಕಾಣದಿರುವುದು ಪ್ರಶ್ನೆಪತ್ರಿಕೆ.

ಈ ಪಾಠಕ್ಕೆ ನೀಲಗಿರಿಯ ಬೆಟ್ಟದ ರೈಲಿಗಿಂತ ಉತ್ತಮ ಉದಾಹರಣೆ ದೊರೆಯದು. ಮೇಟುಪಾಳ್ಯದಿಂದ ಉದಕಮಂಡಲಕ್ಕೆ 46 ಕಿ.ಮೀ. ಏರಲು ಸುಮಾರು 5 ಗಂಟೆ, ಇಳಿಯಲು ಸುಮಾರು ಮೂರೂವರೆ ಗಂಟೆ. ಹಳಿ ಒಂದೇ, ದೂರ ಒಂದೇ; ಸರಾಸರಿ ವೇಗ ಮಾತ್ರ ಏರುವಾಗ ಗಂಟೆಗೆ ಸುಮಾರು 9 ಕಿ.ಮೀ., ಇಳಿಯುವಾಗ 13. ‘ಸರಾಸರಿ’ ಎಂಬ ಪದದ ಅಗತ್ಯವನ್ನು ಮಗು ಇಲ್ಲಿ ತಾನೇ ಕಂಡುಕೊಳ್ಳುತ್ತದೆ.

ಇನ್ನು ವಿಮಾನದ ಲೆಕ್ಕ. ಬೆಂಗಳೂರು ಮತ್ತು ಕೊಯಮತ್ತೂರು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 250 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗವೆಂದು ಭಾಗಿಸಿದರೆ 19 ನಿಮಿಷವೂ ಆಗದು. ವೇಳಾಪಟ್ಟಿಯಲ್ಲಿ ಕಾಣುವುದು ಹೆಚ್ಚುಕಡಿಮೆ ಒಂದು ಗಂಟೆ. ನೆಲದ ಮೇಲೆ ಓಡುವುದು, ಮೇಲೇರುವುದು, ಸರದಿ ಕಾದು ಇಳಿಯುವುದು ಇವೆಲ್ಲವೂ ಆ ಗಂಟೆಯೊಳಗೆ ಸೇರಿವೆ. ಹಾರಾಟ ಕಿರಿದಾದಷ್ಟೂ ಈ ಪಾಲು ಹಿರಿದು. ಉದಕಮಂಡಲದಿಂದ ಕೊಯಮತ್ತೂರಿಗೆ ಇಳಿಯುವ ಮೂರು ಗಂಟೆ, ನಿಲ್ದಾಣದಲ್ಲಿ ಕಾಯುವ ಹೊತ್ತು, ದೇವನಹಳ್ಳಿಯಿಂದ ನಗರಕ್ಕೆ ಬರುವ ಹೊತ್ತು ಕೂಡಿಸಿದರೆ ನೇರವಾಗಿ ಬೆಂಗಳೂರಿಗೆ ಹೊರಟ ಬಸ್ಸು ಹೆಚ್ಚೇನೂ ಹಿಂದೆ ಬೀಳುವುದಿಲ್ಲ!

ಇಲ್ಲಿ ಭಾಷೆಯ ತೊಡಕೊಂದುಂಟು. ಕನ್ನಡದಲ್ಲಿ ‘ನೇರ’ ಎಂದರೆ ಬಾಗದ್ದು. ತಮಿಳಿನ ‘ನೇರಂ’ ಎಂದರೆ ಹೊತ್ತು. ಸುತ್ತಲೂ ತಮಿಳನ್ನೇ ಕೇಳಿ ಬೆಳೆವ ಮಗುವಿಗೆ ‘ನೇರ ದೂರ’ ಎಂದೊಡನೆ ದೂರ ಮತ್ತು ಕಾಲ ಎರಡೂ ಒಟ್ಟಿಗೆ ಕೇಳಿಸಬಹುದು. ಭೂಪಟದ ಮೇಲೆ ಉದಕಮಂಡಲದಿಂದ ಮೈಸೂರಿಗೆ ದಾರವನ್ನು ಬಿಗಿದು ಎಳೆದು ತೋರಿಸಿ: ಸುಮಾರು 100 ಕಿ.ಮೀ. ಅದೇ ದಾರವನ್ನು ರಸ್ತೆಯ ಮೇಲೆ ಹಾಸಿದರೆ ಕಲ್ಲಟ್ಟಿಯ 36 ತಿರುವುಗಳನ್ನಿಳಿದು ಮಸಿನಗುಡಿಯ ಮೂಲಕ ಸುಮಾರು 125. ಗೂಡಲೂರನ್ನು ಬಳಸಿ ಹೋದರೆ ಸುಮಾರು 155. ಹತ್ತಿರದ ದಾರಿ ಕಡಿದಾದುದರಿಂದ ದೊಡ್ಡ ಬಸ್ಸುಗಳಿಗೆ ದೂರದ ದಾರಿಯೇ ಗತಿ.

ಕೊನೆಗೆ ಮೇಲಿನ ತರಗತಿಗೆ ಒಂದು ಲೆಕ್ಕ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ತಡೆಯಿದೆ. ವಾಹನಗಳಿಗೆ ಸಿಕ್ಕಿ ಸಾಯುವ ಕಾಡುಪ್ರಾಣಿಗಳನ್ನು ಉಳಿಸುವುದು ಇದರ ಉದ್ದೇಶ. ಮೈಸೂರಿನಲ್ಲಿ ಅಜ್ಜಿಯನ್ನು ವೈದ್ಯರಿಗೆ ತೋರಿಸಿದ ಗೂಡಲೂರಿನ ಕುಟುಂಬವೊಂದು 7.30ಕ್ಕೆ ಕಾರಿನಲ್ಲಿ ಹೊರಡುತ್ತದೆ. ಕಾಡಿನ ಗೇಟಿಗೆ 75 ಕಿ.ಮೀ., ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಳ್ಳಿ. ಅವರು ಗೇಟನ್ನು ಮುಟ್ಟುವುದು ಎಷ್ಟು ಹೊತ್ತಿಗೆ? ಅಲ್ಲಿ ಕಾಯಬೇಕಾದುದು ಎಷ್ಟು ಗಂಟೆ? ಮಕ್ಕಳು ಉತ್ತರಿಸಿದ ಮೇಲೆ, ಮೈಸೂರಿನಿಂದ ಎಷ್ಟು ಗಂಟೆಯೊಳಗೆ ಹೊರಡಬೇಕಿತ್ತೆಂಬ ಪ್ರಶ್ನೆಯನ್ನು ಅವರೇ ಕೇಳುವವರೆಗೆ ಸುಮ್ಮನಿರಿ.