ಮನೆಯೊಳಗೆ ಗಾಳಿಗಿಡಗಳ ಆರೈಕೆ

(ಗ್ರಾಮೀಣ ಮಹಿಳೆಯರ ಅಲಂಕಾರಿಕ ಸಸ್ಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬೆಂಗಳೂರಿನ ಸಸ್ಯ ಮಾರಾಟದ ಅಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ಗಿಡ ಕಾಣಸಿಗುತ್ತಿದೆ. ಅದಕ್ಕೆ ಕುಂಡವಿಲ್ಲ, ಮಣ್ಣಿಲ್ಲ. ಬೇರು ಇದ್ದರೂ ಹೆಸರಿಗೆ ಮಾತ್ರ. ಬೂದು ಬಣ್ಣದ ಎಲೆಗಳ ಒಂದು ಹಿಡಿಯನ್ನು ದಾರ ಕಟ್ಟಿ ತೂಗುಹಾಕಿರುತ್ತಾರೆ. ಗಾತ್ರದಲ್ಲಿ ಈರುಳ್ಳಿ ಗಡ್ಡೆಯಷ್ಟಿರುವ ಗಿಡಕ್ಕೂ ನೂರಾರು ರೂಪಾಯಿ ಬೆಲೆ. “ಇದಕ್ಕೆ ಏನೂ ಬೇಡ, ಗಾಳಿ ಕುಡಿದೇ ಬದುಕುತ್ತದೆ” ಎಂದು ಮಾರುವವರು ಹೇಳಿ ಕಳುಹಿಸುತ್ತಾರೆ.

ಪಟ್ಟಣದಲ್ಲಿರುವ ಮಗ ಸೊಸೆ ಯುಗಾದಿಗೆ ಬರುವಾಗ ಇಂತಹ ಎರಡು ಗಿಡಗಳನ್ನು ಕೊಂಡರೆಂದು ಇಟ್ಟುಕೊಳ್ಳೋಣ. ಒಂದನ್ನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಕೊಟ್ಟರು. ಇನ್ನೊಂದನ್ನು ರಾಯಚೂರು ಕಡೆಯ ಬೀಗರ ಮನೆಗೆ ಒಯ್ದರು. ರಾಯಚೂರಿನ ಗಿಡ ಮೇ ತಿಂಗಳು ಮುಗಿಯುವುದರೊಳಗೆ ಒಣಗಿ ಕಾಗದದಂತಾಯಿತು. ತೀರ್ಥಹಳ್ಳಿಯದು ಆಷಾಢದ ಮಳೆಯಲ್ಲಿ ಬುಡ ಕೊಳೆತು, ಮುಟ್ಟಿದರೆ ಸುಳಿ ಕೈಗೆ ಬಂತು. ಎರಡೂ ಮನೆಯವರು ಮಾರಿದವರ ಮಾತನ್ನು ಅಕ್ಷರಶಃ ಪಾಲಿಸಿದವರೇ. ತಪ್ಪು ಅವರದಲ್ಲ, ಆ ಮಾತಿನದು.

ಈ ಗಿಡದ ಶಾಸ್ತ್ರೀಯ ಹೆಸರು ಟಿಲ್ಲಾಂಡ್ಸಿಯ. ಇಂಗ್ಲಿಷಿನಲ್ಲಿ ಏರ್ ಪ್ಲಾಂಟ್ ಎನ್ನುವುದನ್ನೇ ಗಾಳಿಗಿಡ ಎಂದು ಕರೆಯಬಹುದು. ಸರ್ವೆ ಮರಕ್ಕೂ ಗಾಳಿಮರ ಎನ್ನುವುದುಂಟು. ಅದು ಬೇರೆ, ಇದು ಬೇರೆ. ಟಿಲ್ಲಾಂಡ್ಸಿಯದಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಿಂದ ಹಿಡಿದು ಅರ್ಜೆಂಟೈನಾದವರೆಗೆ ಇವುಗಳ ತವರು. ಹೆಸರಿನ ಹಿಂದೆ ಒಂದು ಕಥೆಯಿದೆ. 17ನೆಯ ಶತಮಾನದಲ್ಲಿ ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಎಲಿಯಾಸ್ ಟಿಲ್ಲಾಂಡ್ಸ್ ಎಂಬ ವೈದ್ಯನಿದ್ದನು; ಸಸ್ಯಶಾಸ್ತ್ರವನ್ನೂ ಬಲ್ಲವನು. ಒಮ್ಮೆ ಹಡಗಿನಲ್ಲಿ ಹೋಗಿ ವಿಪರೀತ ವಾಂತಿಯಾಗಿ, ಮರಳುವಾಗ ಸಮುದ್ರದ ಸಹವಾಸವೇ ಬೇಡವೆಂದು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿಯನ್ನು ನೆಲದ ಮೇಲೆಯೇ ಸುತ್ತಿ ಬಂದನಂತೆ. ನೀರನ್ನು ಒಲ್ಲದ ಗಿಡವೆಂದು ಭಾವಿಸಿ ಲಿನ್ನೇಯಸ್ ಇದಕ್ಕೆ ಆತನ ಹೆಸರನ್ನಿಟ್ಟನು. ಅಂಗಡಿಯವರ ತಪ್ಪು ತಿಳುವಳಿಕೆಗೆ ಸುಮಾರು ಮುನ್ನೂರು ವರ್ಷಗಳ ಹಳೆಯ ಬೇರಿದೆ ಎನ್ನಬೇಕು!

ರೈತರಿಗೆ ಈ ಗಿಡವನ್ನು ಪರಿಚಯಿಸಲು ಸುಲಭದ ದಾರಿಯೆಂದರೆ ಅನಾನಸ್. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಬನವಾಸಿ ಕಡೆ ಅನಾನಸ್ ಬೆಳೆದವರು ಗಾಳಿಗಿಡವನ್ನು ತಲೆಕೆಳಗಾಗಿ ಹಿಡಿದು ನೋಡಿದರೂ ಗುರುತಿಸುತ್ತಾರೆ. ಎಲೆಗಳ ಅದೇ ಸುತ್ತು, ಅದೇ ಸುಳಿ, ಬುಡದಲ್ಲಿ ಅದೇ ರೀತಿಯ ಕಂದು. ಆದರೆ ಅನಾನಸ್ ನೆಲದಲ್ಲಿ ಬೆಳೆಯುತ್ತದೆ, ಇದು ಮರದ ಕೊಂಬೆಯ ಮೇಲೆ.

ಕೊಂಬೆಯ ಮೇಲೆ ಎಂದೊಡನೆ ಬಂದಳಿಕೆಯ ನೆನಪಾಗುವುದು ಸಹಜ. ಮಾವು, ಸಪೋಟಗಳ ಮೇಲೆ ಬೀಳುವ ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಆಹಾರ ಹೀರುತ್ತದೆ, ಅದು ಪರಾವಲಂಬಿ. ಗಾಳಿಗಿಡ ಹಾಗಲ್ಲ. ಮಲೆನಾಡಿನ ಮರಗಳಲ್ಲಿ ಹೂಬಿಡುವ ಸೀತಾಳೆ ದಂಡೆಯಂತೆ ಮರವನ್ನು ಕೇವಲ ಆಸರೆಯಾಗಿ ಹಿಡಿದಿರುತ್ತದೆ. ಮನೆಯಂಗಳದ ಮಾವಿನ ಮರಕ್ಕೆ ಕಟ್ಟಿದರೆ ಇದರಿಂದ ಮರಕ್ಕೆ ಹಾನಿಯೇನಿಲ್ಲ.

ಬೇರು ನೀರು ಹೀರದಿದ್ದರೆ ಗಿಡ ಕುಡಿಯುವುದು ಹೇಗೆ? ಎಲೆಯನ್ನು ಬೆಳಕಿಗೆ ಹಿಡಿದರೆ ಬೂದಿ ಸವರಿದಂತೆ ಕಾಣುತ್ತದೆ. ಅವು ಸೂಕ್ಷ್ಮವಾದ ಪೊರೆಗಳು. ನೀರು ತಗುಲಿದೊಡನೆ ಹೀರಿ ಎಲೆಯೊಳಕ್ಕೆ ಕಳುಹಿಸುತ್ತವೆ. ನೆನೆದ ಗಿಡ ನೋಡುನೋಡುತ್ತಿದ್ದಂತೆ ಹಸಿರಾಗುವುದು ಇದರಿಂದಲೇ. ಒಣಗಿದಾಗ ಮತ್ತೆ ಬೂದು. ತವರಿನಲ್ಲಿ ಮಳೆ, ಇಬ್ಬನಿ, ಮಂಜು ಇವನ್ನು ನೆನೆಸುತ್ತವೆ. ಪೆರು ದೇಶದ ಕರಾವಳಿಯ ಮರುಭೂಮಿಯಲ್ಲಿ ಮಳೆಯೇ ಇಲ್ಲದೆ, ಕಡಲಿನಿಂದ ಬರುವ ಮಂಜನ್ನೇ ನಂಬಿ ಮರಳ ಮೇಲೆ ಬೆಳೆಯುವ ಪ್ರಭೇದಗಳಿವೆ. ಮನೆಯ ಕೋಣೆಯೊಳಗೆ ಮಂಜೂ ಇಲ್ಲ, ಇಬ್ಬನಿಯೂ ಇಲ್ಲ. ಅದನ್ನು ಮನೆಯವರೇ ಒದಗಿಸಬೇಕು.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಹೆಚ್ಚಿನ ಬೆಳೆಗಳು ಹಗಲು ಪತ್ರರಂಧ್ರ ತೆರೆದು ಉಸಿರಾಡಿದರೆ, ಬೂದು ಎಲೆಯ ಗಾಳಿಗಿಡಗಳು ಅನಾನಸಿನಂತೆಯೇ ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಇಂಗಾಲಾಮ್ಲ ವಾಯುವನ್ನು ಒಳತೆಗೆದುಕೊಳ್ಳುವುದು ಕತ್ತಲಲ್ಲಿ. ಎಲೆಯ ಮೇಲೆ ನೀರಿನ ಪದರ ನಿಂತಿದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಆದುದರಿಂದ ಸಂಜೆ ನೀರು ಕೊಡಬಾರದು. ಬೆಳಿಗ್ಗೆಯೇ ಕೊಡಬೇಕು.

ನೀರು ಕೊಡುವ ಕ್ರಮ ಹೀಗೆ. ವಾರಕ್ಕೊಮ್ಮೆ ಬೆಳಿಗ್ಗೆ ಅಗಲವಾದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಗಿಡವನ್ನು ಪೂರ್ತಿ ಮುಳುಗಿಸಿ 20ರಿಂದ 30 ನಿಮಿಷ ಬಿಡಬೇಕು. ತೆಗೆದ ಮೇಲೆ ತಲೆಕೆಳಗು ಮಾಡಿ ಕೊಡವಿ, ಸುಳಿಯೊಳಗೆ ನಿಂತ ನೀರನ್ನು ಹೊರಗೆಡಹಬೇಕು. ಅನಂತರ ಗಾಳಿಯಾಡುವ ಕಡೆ ಮಗ್ಗುಲಾಗಿಯೋ ತಲೆಕೆಳಗಾಗಿಯೋ ಇಟ್ಟರೆ ನಾಲ್ಕು ಗಂಟೆಯೊಳಗೆ ಒಣಗಬೇಕು. ಒಣಗದಿದ್ದರೆ ಆ ಜಾಗ ಸರಿಯಿಲ್ಲವೆಂದೇ ಅರ್ಥ. ನೆನೆಸುವುದನ್ನು ಯಾರೂ ಮರೆಯುವುದಿಲ್ಲ, ಕೊಡವುವುದನ್ನು ಮರೆಯುತ್ತಾರೆ. ಸುಳಿ ಕೊಳೆ ಬರುವುದು ಅಲ್ಲಿಂದ. ಗಡ್ಡೆಯಂತಹ ಬುಡವುಳ್ಳ ಬಲ್ಬೋಸ ಪ್ರಭೇದದಲ್ಲಿ ನೀರು ಒಳಗೇ ಸಿಕ್ಕಿಕೊಳ್ಳುವುದರಿಂದ ಅದನ್ನು ಮುಳುಗಿಸದೆ, ತಲೆಕೆಳಗಾಗಿ ಹಿಡಿದು ಎಲೆಗಳನ್ನಷ್ಟೇ ಅದ್ದುವುದು ಲೇಸು.

ಮಳೆಯ ನೀರಿಗಿಂತ ಒಳ್ಳೆಯ ನೀರಿಲ್ಲ. ಕೆರೆಯ ನೀರೂ ಆಗುತ್ತದೆ. ಗಡಸಾದ ಕೊಳವೆಬಾವಿ ನೀರಿನಲ್ಲಿ ಪದೇ ಪದೇ ನೆನೆಸಿದರೆ ಲವಣ ಎಲೆಯ ಮೇಲೆ ಬಿಳಿಯಾಗಿ ಕಟ್ಟಿ ಪೊರೆಗಳನ್ನು ಮುಚ್ಚುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಮಳೆ ಬಂದಾಗ ಎರಡು ಕೊಡ ನೀರು ಹಿಡಿದಿಟ್ಟುಕೊಂಡರೆ ನಾಲ್ಕಾರು ಗಿಡಗಳಿಗೆ ಬಹುಕಾಲ ಸಾಲುತ್ತದೆ. ಉಪ್ಪು ಬಳಸಿ ಮೆದುಗೊಳಿಸುವ ಯಂತ್ರದ ನೀರು ಮಾತ್ರ ಬೇಡ. ಅದರಲ್ಲಿ ಸೋಡಿಯಂ ಹೆಚ್ಚು.

ವಾರಕ್ಕೊಮ್ಮೆ ಎಂಬ ಲೆಕ್ಕ ಬೆಂಗಳೂರು, ಮೈಸೂರಿನ ಹವೆಗೆ ಹೊಂದುತ್ತದೆ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 32 ಡಿಗ್ರಿಯವರೆಗೆ ಗಿಡ ಸುಖವಾಗಿರುತ್ತದೆ, ಅದರ ಮೇಲೆ ಬಳಲುತ್ತದೆ. ಅಲ್ಲಿ ಮಾರ್ಚಿಯಿಂದ ಜೂನ್‌ವರೆಗೆ ವಾರಕ್ಕೆ ಎರಡು ಮೂರು ಸಲ ನೆನೆಸಿ, ಉಳಿದ ದಿನ ನಸುಕಿನಲ್ಲಿ ನೀರು ಚಿಮುಕಿಸಿ, ಮನೆಯ ಅತ್ಯಂತ ತಂಪಾದ ಬೆಳಕಿನ ಮೂಲೆಯಲ್ಲಿಡಬೇಕು. ಎಲೆಯ ಅಂಚುಗಳು ಒಳಕ್ಕೆ ಮಡಚಿ ದೋಣಿಯಂತಾದರೆ, ತುದಿ ಕಂದಿದರೆ ಬಾಯಾರಿಕೆಯ ಸೂಚನೆ. ಆಗಲೂ ಕಾಲ ಮೀರಿರುವುದಿಲ್ಲ. ಒಂದು ಬೆಳಿಗ್ಗೆ ಎರಡು ಮೂರು ಗಂಟೆ ನೆನೆಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಮಲೆನಾಡು, ಕರಾವಳಿಯಲ್ಲಿ ಇದಕ್ಕೆ ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಗಿಡವನ್ನು ನೆನೆಸುವ ಅಗತ್ಯ ಬಹಳ ಕಡಿಮೆ. ಇರಚಲು ತಾಗದಂತೆ, ಆದರೆ ಗಾಳಿ ಸುಳಿಯುವಂತೆ ಜಗಲಿಯ ಒಳಬದಿಯಲ್ಲಿ ತೂಗುಹಾಕಬೇಕು. ಗಾಜಿನ ಬುರುಡೆಯೊಳಗೆ ಕೂರಿಸಿ ಮಾರುವ ಗಿಡವನ್ನು ಈ ಕಾಲದಲ್ಲಿ ಹೊರತೆಗೆಯಲೇಬೇಕು. ಬುಡ ಕಪ್ಪಾಗಿ ಮೆತ್ತಗಾದರೆ, ಹೊರಗಿನ ಕೊಳೆತ ಎಲೆಗಳನ್ನು ಕಿತ್ತು ಒಣಗಿಸಿ ನೋಡಬಹುದು. ಸುಳಿಯೇ ಕಿತ್ತು ಬಂದರೆ ಉಳಿಯುವುದು ಅಪರೂಪ.

ಇಲ್ಲಿಯೇ ಅಡಿಕೆ ಬೆಳೆಗಾರರು ಎಚ್ಚರವಾಗಿರಬೇಕಾದ ವಿಷಯ ಬರುತ್ತದೆ. ಕೊಳೆ ಕಂಡೊಡನೆ ಅವರ ಕೈ ಮೈಲುತುತ್ತದ ಕಡೆಗೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೊ ದ್ರಾವಣ ಸಂಜೀವಿನಿಯಿದ್ದಂತೆ. ಅದೇ ದ್ರಾವಣ ಗಾಳಿಗಿಡಕ್ಕೆ ವಿಷ. ಸಿಕ್ಕಿದ್ದನ್ನೆಲ್ಲ ಹೀರುವ ಎಲೆಯ ಪೊರೆಗಳು ತಾಮ್ರವನ್ನೂ ಹೀರುತ್ತವೆ, ಗಿಡ ಅದನ್ನು ತಾಳದು. ತಾಮ್ರದ ಆಕ್ಸಿಕ್ಲೋರೈಡ್ ಕೂಡ ಬೇಡ. ತೋಟಕ್ಕೆ ಔಷಧಿ ಹೊಡೆಯುವ ದಿನ, ಗಾಳಿಗೆ ತೇಲಿ ಬರುವ ತುಂತುರು ತಾಗದಂತೆ ಗಿಡವನ್ನು ಮನೆಯೊಳಗಿಡಬೇಕು. ಔಷಧಿ ಕಲಸಿದ ಡ್ರಮ್ಮು, ಪಂಪುಗಳನ್ನು ತೊಳೆದೆವೆಂದು ನಂಬಿ ಇದಕ್ಕೆ ಬಳಸಬಾರದು. ನೆನೆಸಲು ತಾಮ್ರದ ಹಂಡೆಯೂ ಬೇಡ. ಹಳ್ಳಿಗಳಲ್ಲಿ ಏನನ್ನಾದರೂ ಕಟ್ಟಲು ಸುಟ್ಟ ಪಂಪ್‌ಸೆಟ್ಟಿನ ವೈಂಡಿಂಗ್ ತಂತಿ ಸುಲಭವಾಗಿ ಸಿಗುತ್ತದೆ, ಅದೂ ತಾಮ್ರವೇ. ತೆಂಗಿನ ನಾರಿನ ಹುರಿ ಅಥವಾ ನೈಲಾನ್ ದಾರ ಸಾಕು.

ಕಟ್ಟಲು ಒಣಗಿದ ಮಾವು, ಹಲಸಿನ ಕೊಂಬೆ ಅಥವಾ ತಳ ತೂತು ಮಾಡಿದ ತೆಂಗಿನ ಕರಟ ಯೋಗ್ಯ. ಗೆದ್ದಲಿಗೆಂದು ಔಷಧಿ ಉಣಿಸಿದ ಮರದಲ್ಲಿ ತಾಮ್ರವಿರುವುದುಂಟು. ಕರಟದಲ್ಲಿ ನಾರಿನ ಪುಡಿಯನ್ನೋ ಮಣ್ಣನ್ನೋ ತುಂಬಿ ಬುಡ ಹೂಳುವುದು ಅತಿ ಪ್ರೀತಿಯ ತಪ್ಪು. ತೇವ ನಿಂತು ಕೊಳೆಯುತ್ತದೆ.

ಬೆಳಕಿಗೆ ಪೂರ್ವದ ಕಿಟಕಿ ಒಳ್ಳೆಯದು, ಬೆಳಗಿನ ಎಳೆ ಬಿಸಿಲು ಬಿದ್ದರೂ ಸರಿ. ಪಶ್ಚಿಮದ ಬಿಸಿಲು ಸುಡುತ್ತದೆ. ಗೊಬ್ಬರ ಹೆಚ್ಚೇನೂ ಬೇಡ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಪ್ರತಿ ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ತಿಂಗಳಿಗೊಮ್ಮೆ ಚಿಮುಕಿಸಿದರೆ ಸಾಕು. ತಾಮ್ರ ಸೇರಿದ ಲಘು ಪೋಷಕಾಂಶದ ಮಿಶ್ರಣ ಬೇಡ. ಹಿಟ್ಟು ತಿಗಣೆ ಕಂಡರೆ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಬೇಕು. ಬೇವಿನೆಣ್ಣೆ ಸಿಂಪಡಿಸಿದರೆ ಪೊರೆಗಳು ಎಣ್ಣೆಯಿಂದ ಮುಚ್ಚಿಹೋಗುತ್ತವೆ.

ಗಾಳಿಗಿಡ ಜೀವಮಾನದಲ್ಲಿ ಒಂದೇ ಸಲ ಹೂಬಿಡುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಅಯೊನಾಂತ ಎಂಬ ಪುಟ್ಟ ಪ್ರಭೇದದಲ್ಲಿ ಹೂವಿಗೆ ಮುಂಚೆ ಸುಳಿಯ ಎಲೆಗಳು ಕುಂಕುಮದಂತೆ ಕೆಂಪಾಗಿ, ನಡುವಿನಿಂದ ನೇರಳೆ ಹೂಗಳು ಏಳುತ್ತವೆ. ಅನಾನಸಿಗೆ ಇಥ್ರೆಲ್ ಹಾಕಿ ಹೂ ಬರಿಸುವವರಿಗೆ ಎಥಿಲೀನ್ ಅನಿಲದ ಪ್ರಭಾವ ಗೊತ್ತೇ ಇದೆ. ಬೆಳೆದ ಗಾಳಿಗಿಡವನ್ನು ಮಾಗಿದ ಸೇಬಿನೊಂದಿಗೆ ಕೆಲವು ದಿನ ಚೀಲದಲ್ಲಿ ಕಟ್ಟಿಟ್ಟರೆ ಅದೇ ಅನಿಲದಿಂದ ಹೂ ಬರಿಸಬಹುದು. ಆದರೆ ಹೂಬಿಟ್ಟ ತಾಯಿಗಿಡ ಅಲ್ಲಿಂದ ಕ್ರಮೇಣ ಸೊರಗುತ್ತದೆ. ಎಳೆಯ ಗಿಡಕ್ಕೆ ಹೀಗೆ ಅವಸರ ಮಾಡುವುದು ಸರಿಯಲ್ಲ. ಸೊರಗುವ ಮೊದಲು ಬುಡದಲ್ಲಿ ಒಂದೆರಡು ಕಂದುಗಳನ್ನು ಬಿಡುತ್ತದೆ. ಅವು ತಾಯಿಯ ಅರ್ಧದಷ್ಟಾದ ಮೇಲೆ ಮೆಲ್ಲಗೆ ತಿರುಚಿ ಬಿಡಿಸಬಹುದು, ಅಥವಾ ಹಾಗೆಯೇ ಗುಂಪಾಗಿ ಬಿಡಬಹುದು. ಗುಂಪೇ ನೋಡಲು ಚೆನ್ನ. ಬೆಳವಣಿಗೆ ನಿಧಾನ, ಕಂದು ಹೂಬಿಡುವಷ್ಟಾಗಲು ವರ್ಷಗಳೇ ಬೇಕು. ಇದೊಂದು ದಿಢೀರ್ ಆದಾಯದ ಕಸುಬೆಂದು ಭ್ರಮಿಸಬಾರದು.

ಕೊಳ್ಳುವಾಗ ನರ್ಸರಿಯಲ್ಲಿ ಬೆಳೆಸಿದ್ದೇ ಎಂದು ಕೇಳಿ ಕೊಳ್ಳಬೇಕು. ಗುಂಗುರು ಎಲೆಗಳ ದೊಡ್ಡ ಗಿಡ ಜೆರೋಗ್ರಾಫಿಕವನ್ನು ತವರಿನ ಕಾಡುಗಳಿಂದ ಮಿತಿಮೀರಿ ಕಿತ್ತುದರಿಂದ 1992ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ದುಬಾರಿ ಗಾಳಿಗಿಡಕ್ಕೆ ಬದಲಾಗಿ ಸೀತಾಳೆ ದಂಡೆಯನ್ನೇ ಕಾಡಿನಿಂದ ತಂದು ತೂಗುಹಾಕೋಣ ಎನ್ನುವವರೂ ಇದ್ದಾರೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಸ್ವಂತ ತೋಟದಲ್ಲಿ ಕಡಿದ ಮರದ ಮೇಲಿದ್ದುದನ್ನು ಕೊಂಬೆಸಹಿತ ಇನ್ನೊಂದು ಮರಕ್ಕೆ ಕಟ್ಟುವುದಾದರೆ ಅದು ಒಳ್ಳೆಯ ಕೆಲಸ.

ನೆರೆಮನೆಗೆ ಕಂದು ಕೊಡುವಾಗ ಜೊತೆಗೊಂದು ಚೀಟಿಯಲ್ಲಿ ನಾಲ್ಕು ಮಾತು ಬರೆದು ಕೊಡುವುದು ಒಳ್ಳೆಯದು: ಬೆಳಿಗ್ಗೆ ನೆನೆಸಿ, ಕೊಡವಿ, ಗಾಳಿಗೆ ಒಣಗಿಸಿ, ತಾಮ್ರ ಸೋಕಿಸಬೇಡಿ.