ಎಂಜಿನ್ ಯಾರ ಮನೆಯಲ್ಲಿದೆ?

(ಮಲ್ಲಂದೂರಿನಲ್ಲಿ ಕಾಫಿ ಕ್ಯೂರಿಂಗ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೆಚ್ಚು ಓದಿದವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಈ ಕೆಲಸಕ್ಕೆ ಬಂದವನು. ಕಂಪ್ಯೂಟರಿನ ಬಗ್ಗೆ ಮಾತನಾಡಲು ಇವನಿಗೇನು ಅಧಿಕಾರವೆಂದು ತಾವು ಕೇಳಿದರೆ ಅದು ನ್ಯಾಯವೇ. ಆದರೆ ವಿಷಯ ನಮ್ಮ ಅಂಗಡಿಗಳ ಒಳಕ್ಕೇ ಬಂದು ಕುಳಿತಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಮುಂದಿನ 11ನ್ನು ಹಾಕೋಣವೆಂದರೆ ಟಿ.ಪಿ.ಎಂ. 2.0 ಎಂಬ ಭಾಗವಿರಬೇಕು, ಪ್ರೊಸೆಸರ್ ಈಚಿನದಾಗಿರಬೇಕು. ಆದಕಾರಣ ನಿನ್ನೆಯವರೆಗೆ ಚೆನ್ನಾಗಿ ಬಿಲ್ಲು ಬರೆಯುತ್ತಿದ್ದ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ತನ್ನಿರೆಂಬ ಉಪದೇಶ ನಡೆದಿದೆ.

ಯಂತ್ರ ಸವೆದಿಲ್ಲ. ಎರಡಕ್ಕೆ ಎರಡು ಕೂಡಿಸಿದರೆ ಅದು ಇಂದಿಗೂ ನಾಲ್ಕೆಂದೇ ಹೇಳುತ್ತದೆ. ಹಲ್ಲರಿನ ಬೇರಿಂಗ್ ಹೋದರೆ ನಾವು ಬೇರಿಂಗ್ ಬದಲಿಸುತ್ತೇವೆಯೇ ಹೊರತು ಹಲ್ಲರನ್ನೇ ಹೊರಗೆಸೆಯುವುದಿಲ್ಲವಷ್ಟೆ. ಈ ಸಂದರ್ಭದಲ್ಲಿ ನನಗೆ ನೆನಪಾಗುವುದು ಫ್ಲಾಪಿಯ ಕಥೆ.

ಫ್ಲಾಪಿಯೆಂದರೆ ಅಂಗೈಯಗಲದ ಪ್ಲಾಸ್ಟಿಕ್ ಚೌಕ, ಒಳಗೊಂದು ತೆಳ್ಳನೆಯ ತಟ್ಟೆ. ಅದರಲ್ಲಿ ಹಿಡಿಯುತ್ತಿದ್ದುದು 1.44 ಮೆಗಾಬೈಟ್, ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋವೂ ಹಲವು ಸಲ ಅದರಲ್ಲಿ ಹಿಡಿಯದು. ಇಷ್ಟು ಜಾಗದಲ್ಲಿ ಒಂದು ಇಡೀ ಲಿನಕ್ಸ್ ವ್ಯವಸ್ಥೆಯನ್ನು ತುಂಬಿದವರಿದ್ದರು. ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆದವನು ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. ಅದರ ಸುತ್ತಲಿನ ಎಷ್ಟೋ ಸಲಕರಣೆಗಳು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಸಾರಿದ ಗ್ನೂ ಯೋಜನೆಯಿಂದ ಬಂದವು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ನೆರೆಯವನಿಗೆ ಕೊಡಬಹುದು.

ಟಾಮ್ಸ್‌ಆರ್‌ಟಿಬಿಟಿ ಎಂಬ ಬಾಯಿಗೆ ಬಾರದ ಹೆಸರಿನ ಒಂದು ಫ್ಲಾಪಿ ಲಿನಕ್ಸ್ ಇತ್ತು. ಮಾರುವವನು ತಟ್ಟೆಯಲ್ಲಿ 80 ಸಾಲು, ಸಾಲಿಗೆ 18 ಗುಣಿ ಎಂದರೆ ಅವರು 82 ಸಾಲು ಹಾಕಿ, ಸಾಲಿಗೆ 21 ಗುಣಿ ತೋಡಿ, 1.44ರ ತಟ್ಟೆಯಲ್ಲಿ 1.7 ಮೆಗಾಬೈಟ್ ಬೆಳೆ ತೆಗೆದರು. ಬೇಲಿಯ ಅಂಚಿನಲ್ಲೂ ಗಿಡವಿಟ್ಟ ಸಣ್ಣ ಹಿಡುವಳಿದಾರನ ಬುದ್ಧಿ ಇದು. ಬ್ಯುಸಿಬಾಕ್ಸ್ ಎಂಬ ಇನ್ನೊಂದನ್ನು 1995ರಲ್ಲಿ ಬ್ರೂಸ್ ಪೆರೆನ್ಸ್ ಆರಂಭಿಸಿದ. ಹತ್ತಾರು ಸಲಕರಣೆಗಳ ಕೆಲಸವನ್ನು ಒಂದೇ ಸಣ್ಣ ಪ್ರೋಗ್ರಾಂ ಮಾಡುತ್ತದೆ, ನಮ್ಮ ಮಲೆನಾಡಿನ ಕತ್ತಿ ಸೌದೆಗೂ ಸೈ, ಎಳನೀರಿಗೂ ಸೈ ಎಂಬ ಹಾಗೆ.

ಇನ್ನು ಹಳೆಯ ಯಂತ್ರವನ್ನು ಟರ್ಮಿನಲ್ ಮಾಡುವ ಬಗೆ. ಹಿಂದಿನ ಕಾಲದ ಗಿರಣಿಯಲ್ಲಿ ಒಂದೇ ಎಂಜಿನ್, ಮಾಡಿನ ಕೆಳಗೆ ಉದ್ದಕ್ಕೂ ಒಂದು ಶಾಫ್ಟ್, ಅದರಿಂದ ಹಲ್ಲರಿಗೊಂದು ಬೆಲ್ಟು, ಗ್ರೇಡರಿಗೊಂದು ಬೆಲ್ಟು ಇಳಿದಿರುತ್ತಿತ್ತೆಂದು ಇಲ್ಲಿರುವ ಹಿರಿಯರು ಬಲ್ಲರು. ಅದೇ ಲೆಕ್ಕ. ಕೋಣೆಯಲ್ಲಿ ಒಂದು ಗಟ್ಟಿ ಕಂಪ್ಯೂಟರ್ ಇರಲಿ, ಅದು ಎಂಜಿನ್. ಉಳಿದವು ಹಳೆಯವು, ಹಾರ್ಡ್ ಡಿಸ್ಕ್ ಸತ್ತವಾದರೂ ಸರಿಯೇ. ನಡುವಿನ ತಂತಿಯೇ ಬೆಲ್ಟು. ಹಳೆಯದಕ್ಕೆ ಫ್ಲಾಪಿ ತೂರಿಸಿ ಗುಂಡಿ ಒತ್ತಿದರೆ ಅದು ತಂತಿಯ ಮೇಲೆ "ನಾನು ಯಾರು? ನನ್ನ ವಿಳಾಸವೇನು?" ಎಂದು ಕೂಗುತ್ತದೆ. ದೊಡ್ಡದು ವಿಳಾಸ ಕೊಟ್ಟು, ಲಿನಕ್ಸಿನ ತಿರುಳನ್ನೂ ತಂತಿಯಲ್ಲೇ ಕಳಿಸುತ್ತದೆ. ಆಮೇಲೆ ಲೆಕ್ಕವೆಲ್ಲ ದೊಡ್ಡದರಲ್ಲಿ. ಹಳೆಯದು ಪರದೆಯ ಮೇಲೆ ಚಿತ್ರ ತೋರಿಸಿ, ಬೆರಳೊತ್ತಿದ್ದನ್ನು ಅತ್ತ ಒಯ್ಯುತ್ತದೆ. 1999ರಲ್ಲಿ ಹೊರಬಂದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಈ ಪದ್ಧತಿಯನ್ನು ಶಾಲೆಗಳಿಗೆ, ಸಣ್ಣ ಕಚೇರಿಗಳಿಗೆ ಸುಲಭ ಮಾಡಿಕೊಟ್ಟಿತು. ಕನ್ನಡಕ್ಕೂ ಇದರಿಂದ ಉಪಕಾರವಾಯಿತು. ಒತ್ತಕ್ಷರಗಳನ್ನು ಜೋಡಿಸಿ ಬರೆಯುವ ಶಕ್ತಿ ಫ್ಲಾಪಿಯೊಂದರ ಕಪ್ಪು ಪರದೆಗೆ ಇರಲಿಲ್ಲ. ಟರ್ಮಿನಲಿನಲ್ಲಾದರೆ ಆ ಕೆಲಸವನ್ನು ದೊಡ್ಡ ಯಂತ್ರ ಮಾಡಿ ಚಿತ್ರವನ್ನಷ್ಟೇ ಕಳಿಸುತ್ತಿತ್ತು.

ಇದು ಪುಸ್ತಕದ ಮಾತಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆಯ ಉಗ್ರಾಣದಲ್ಲಿ ನಾಲ್ಕು ಕಂಪ್ಯೂಟರುಗಳು ಚೀಲ ಹೊದ್ದು ಕುಳಿತಿದ್ದವು. ತಿಳಿದ ಹುಡುಗನೊಬ್ಬ ನೆರವಾದ. ಮೊದಲ ತೊಂದರೆ ನಮ್ಮ ಮಳೆಯದು. ಆಷಾಢದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಲ್ಲಿ ಫ್ಲಾಪಿ ಉಳಿದೀತೇ? ಹತ್ತರಲ್ಲಿ ಆರು ಕೆಟ್ಟಿದ್ದವು. ಉಳಿದ ನಾಲ್ಕರಿಂದ ನಾಲ್ಕು ಪರದೆ ಬೆಳಗಿತು. ಕರೆಂಟು ಹೋದರೂ ಆ ನಾಲ್ಕಕ್ಕೆ ಭಯವಿಲ್ಲ, ಕೆಡಲು ಅವುಗಳಲ್ಲಿ ಡಿಸ್ಕೇ ಇಲ್ಲ. ಕೂಲಿ ಲೈನಿನ ಹುಡುಗಿಯೊಬ್ಬಳು ತನ್ನ ತಾಯಿಯ ಹೆಸರನ್ನು ಕನ್ನಡದಲ್ಲಿ ಒತ್ತಿ, ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಮುಂದಿನದನ್ನೂ ಹೇಳಬೇಕು. ಒಂದು ಸಂಜೆ ಗುಡುಗು ಬರುವುದು ಕಂಡೂ ದೊಡ್ಡ ಯಂತ್ರದ ಪ್ಲಗ್ ಕೀಳದೆ ಮನೆಗೆ ಹೋದೆ. ಸಿಡಿಲಿಗೆ ಅದು ಸುಟ್ಟುಹೋಯಿತು. ಎಂಜಿನ್ ನಿಂತಿತು, ನಾಲ್ಕೂ ಪರದೆ ಕತ್ತಲಾದವು, ಕೋಣೆಗೆ ಬೀಗ ಬಿತ್ತು. ತಪ್ಪು ನನ್ನದು, ಮಕ್ಕಳ ಮುಖ ನೋಡುವುದು ಬಹಳ ದಿನ ಕಷ್ಟವಾಯಿತು. ಒಂದೇ ಎಂಜಿನ್ ನಂಬಿದವರು ಅದನ್ನು ಕಾಯಲೂ ಬೇಕು, ಪ್ರತಿಯೊಂದನ್ನು ಬೇರೆ ಕಡೆ ಇಡಲೂ ಬೇಕು.

ಫ್ಲಾಪಿಯ ಕಾಲ ಮುಗಿಯಿತು. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. 2012ರ ಡಿಸೆಂಬರಿನಲ್ಲಿ ಲಿನಕ್ಸ್ ತಾನೇ ಹಳೆಯ 386 ಯಂತ್ರದ ಕೈಬಿಟ್ಟಿತು. ಲಿನಕ್ಸಿನವರೂ ಹಳೆಯದನ್ನು ಕೊನೆಯವರೆಗೆ ಹೊರುವುದಿಲ್ಲ, ನಿಜ. ಆದರೆ 386 ಬಂದದ್ದು 1985ರಲ್ಲಿ. ಅದಕ್ಕೆ ಇಪ್ಪತ್ತೇಳು ವರ್ಷವಾಗುವವರೆಗೂ ಹೊತ್ತರು. ತಮ್ಮ ಅಂಗಡಿಯ ಯಂತ್ರಕ್ಕೆ ಕಂಪನಿ ಕೊಟ್ಟ ಆಯುಷ್ಯವನ್ನು ತಾವೇ ಲೆಕ್ಕ ಹಾಕಿ. ಈಗ ಫ್ಲಾಪಿಯ ಕೆಲಸವನ್ನು ಪೆನ್ ಡ್ರೈವ್ ಮಾಡುತ್ತದೆ.

ಟರ್ಮಿನಲ್ ಪದ್ಧತಿಯಂತೂ ಸತ್ತಿಲ್ಲ, ವೇಷ ಬದಲಿಸಿದೆ. ಲೆಕ್ಕದ ಪುಸ್ತಕ ಬ್ರೌಸರಿನಲ್ಲಿ, ಫೋಟೋ "ಕ್ಲೌಡ್"ನಲ್ಲಿ. ನಮ್ಮ ಕೈಯಲ್ಲಿರುವುದು ಪರದೆ ಮಾತ್ರ; ಬೆಲ್ಟು ಸಮುದ್ರದಾಚೆಗೂ ಹೋಗಿರಬಹುದು, ಎಂಜಿನ್ ಯಾರ ಮನೆಯಲ್ಲಿದೆಯೋ ಅವರಿಗೆ ತಿಂಗಳ ಬಾಡಿಗೆ. ಶಾಲೆಯ ಕೋಣೆಯಲ್ಲಿ ಎಂಜಿನ್ ನಮ್ಮ ಮೇಜಿನ ಕೆಳಗೇ ಇತ್ತು. ಯಂತ್ರ ಒಂದೇ ಬಗೆಯದು, ಒಡೆತನ ಬೇರೆ.

ಇದು ಬರಿಯ ಕನಸೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವೆಂದು ನಡೆಸಿ, ಅಲ್ಲಿನ ಮಕ್ಕಳಿಗೆ ಲಿನಕ್ಸಿನಲ್ಲೇ ಚಿತ್ರ ಬರೆಯಲು ಕಲಿಸಿದರು. ಅಲ್ಲಿ ಫ್ಲಾಪಿ ಇರಲಿಲ್ಲ. ಒಡೆತನದ ಮಾತು ಇತ್ತು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ನಡೆಯುವುದು ಲಿನಕ್ಸೇ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ.

ಸಭೆಗೆ ಮುಂಚೆ ಕಿರಾಣಿ ಅಂಗಡಿಯ ಹಿರಿಯರೊಬ್ಬರು ಟ್ಯಾಲಿ ಇದರಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಸುಳ್ಳು ಹೇಳುವುದಿಲ್ಲ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಅದೇ ಬೇಕಾದವರು ಸದ್ಯಕ್ಕೆ ಅದಕ್ಕೊಂದು ಯಂತ್ರ ಇಟ್ಟುಕೊಳ್ಳಿ. ಪತ್ರ ಬರೆಯಲು, ದರ ನೋಡಲು, ದಾಸ್ತಾನಿನ ಪಟ್ಟಿಗೆ, ಮಕ್ಕಳ ಓದಿಗೆ ಮಿಕ್ಕವು ಸಾಕು. ಗುಜರಿಯವನನ್ನು ಕರೆಯುವ ಮೊದಲು ಬರುವ ಭಾನುವಾರ ತಮ್ಮ ಯಂತ್ರಗಳನ್ನು ಇಲ್ಲಿಗೇ ತನ್ನಿ, ಒಳಗಿನ ಲೆಕ್ಕಪತ್ರವನ್ನು ಮೊದಲೇ ಬೇರೆ ಕಡೆ ಪ್ರತಿ ಮಾಡಿಟ್ಟಿರಿ, ಒಂದೊಂದು ಪೆನ್ ಡ್ರೈವ್ ಜೇಬಿನಲ್ಲಿರಲಿ. ಆ ಹುಡುಗನೂ ಬರುತ್ತಾನೆ. ಈ ಸಲ ಅರ್ಥಿಂಗ್ ನೋಡಿಯೇ ಪ್ಲಗ್ ಹಾಕುತ್ತೇನೆ.